ಗಾಳಿಯಲ್ಲಿ ನಿಂತ ಗ್ರಾಫೈಟ್

ಕಾಂತತೆಯ ಪಾಠದಲ್ಲಿ ನಾವು ಅಧ್ಯಾಪಕರು ಕಬ್ಬಿಣಕ್ಕೆ ಪುಟಗಟ್ಟಲೆ ಸಮಯ ಕೊಟ್ಟು, ಡಯಾಮ್ಯಾಗ್ನೆಟಿಸಂ ಅನ್ನು ಎರಡೇ ಸಾಲಿನಲ್ಲಿ ಮುಗಿಸುತ್ತೇವೆ. ನನಗಿದು ಒಪ್ಪಿಗೆಯಿಲ್ಲ. ಕಬ್ಬಿಣದ ಸೆಳೆತ ಕೆಲವೇ ವಸ್ತುಗಳ ಸೊತ್ತು; ಕಾಂತಕ್ಷೇತ್ರದಿಂದ ದೂರ ಸರಿಯುವ ಈ ಗುಣ ಎಲ್ಲ ವಸ್ತುಗಳಲ್ಲೂ ಇದೆ. 1845ರಲ್ಲಿ ಫ್ಯಾರಡೆ ಇದನ್ನು ಮೊದಲು ಗುರುತಿಸಿದ್ದು ಸೀಸ ಬೆರೆತ ಗಾಜಿನ ತುಂಡಿನಲ್ಲಿ.

ಕಷ್ಟವೆಂದರೆ ಇದು ತೀರ ದುರ್ಬಲ. ಕಾಂತಕ್ಷೇತ್ರಕ್ಕೆ ನೀರು ತೋರುವ ಪ್ರತಿರೋಧ ಆ ಕ್ಷೇತ್ರದ ಹತ್ತು ಲಕ್ಷದಲ್ಲಿ ಸುಮಾರು 9 ಭಾಗ ಮಾತ್ರ. ಬಿಸ್ಮತ್‌ನಲ್ಲಿ ಅದು 160ರ ಆಸುಪಾಸು. ಪದರಪದರವಾಗಿ ಬೆಳೆಸಿದ ಪೈರೊಲಿಟಿಕ್ ಗ್ರಾಫೈಟ್‌ನಲ್ಲಿ, ಪದರಕ್ಕೆ ಲಂಬವಾಗಿ ಕ್ಷೇತ್ರ ಹಾಯ್ದರೆ, 400 ದಾಟುತ್ತದೆ. ಹಾಗಾಗಿ ತರಗತಿಗೆ ನಾನು ಆರಿಸಿಕೊಂಡದ್ದು ಈ ಗ್ರಾಫೈಟನ್ನೇ.

ಕಬ್ಬಿಣದ ತಗಡಿನ ಮೇಲೆ ನಿಯೋಡಿಮಿಯಂ ಅಯಸ್ಕಾಂತದ ನಾಲ್ಕು ಘನಗಳನ್ನು ಚದುರಂಗದ ಮನೆಗಳಂತೆ, ಒಂದರ ಉತ್ತರ ಧ್ರುವ ಮೇಲಾದರೆ ಪಕ್ಕದ್ದರ ದಕ್ಷಿಣ ಮೇಲಾಗುವಂತೆ, ಜೋಡಿಸಿದೆ. ಈ ಜೋಡಣೆಯಲ್ಲೇ ಗುಟ್ಟಿದೆ. ಕ್ಷೇತ್ರ ಪ್ರಬಲವಾಗಿದ್ದರೆ ಸಾಲದು, ಮೇಲೇರಿದಂತೆ ಅದು ಬೇಗ ಕುಗ್ಗಬೇಕು. ತಳ್ಳುವ ಬಲ ಹುಟ್ಟುವುದು ಆ ಕುಗ್ಗುವಿಕೆಯಿಂದ. ಒಂದೇ ದೊಡ್ಡ ಅಯಸ್ಕಾಂತದ ಚಪ್ಪಟೆ ಮುಖದ ಮೇಲಿಟ್ಟರೆ ಗ್ರಾಫೈಟ್ ಏಳುವುದಿಲ್ಲ.

ಎರಡನೆಯ ವಿಷಯ ಗ್ರಾಫೈಟ್ ಬಿಲ್ಲೆಯ ದಪ್ಪ. ಅಯಸ್ಕಾಂತಕ್ಕೆ ಹತ್ತಿರವಿರುವ ಪದರಗಳು ಹೆಚ್ಚು ಎತ್ತುತ್ತವೆ, ಮೇಲಿನವು ಬಹುಪಾಲು ಭಾರವನ್ನಷ್ಟೇ ಸೇರಿಸುತ್ತವೆ. ಆದ್ದರಿಂದ ಬ್ಲೇಡಿನ ಅಂಚನ್ನು ಪದರಗಳ ನಡುವೆ ತೂರಿಸಿ, ಬಿಲ್ಲೆಯನ್ನು ಮೆಲ್ಲಗೆ ಸೀಳಿ ತೆಳುವಾಗಿಸಿದೆ. ಅಯಸ್ಕಾಂತದ ಮೇಲಿಟ್ಟಾಗ ಅದು ಒಂದು ಕ್ಷಣ ಅಲುಗಾಡಿ, ಮಿಲಿಮೀಟರ್‌ನಷ್ಟು ಮೇಲೆ ನಿಂತಿತು. ಬ್ಯಾಟರಿಯಿಲ್ಲ, ದ್ರವ ಸಾರಜನಕವಿಲ್ಲ. ಕೆಳಗೆ ಕಾಗದದ ಚೂರು ಹಾಯಿಸಿದರೆ ಆಚೆ ಹೊರಬರುತ್ತದೆ.

ಅಯಸ್ಕಾಂತದ ಮೇಲೆ ಇನ್ನೊಂದು ಅಯಸ್ಕಾಂತವನ್ನೇ ಹೀಗೆ ನಿಲ್ಲಿಸಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ತರಗತಿಯಲ್ಲಿ ನಾನು ಕಾಯುವುದೇ ಈ ಪ್ರಶ್ನೆಗೆ. ಸ್ಥಿರ ಅಯಸ್ಕಾಂತಗಳ ಬಲದಿಂದ ಮಾತ್ರ ವಸ್ತುವೊಂದು ಅಲುಗದೆ ತೇಲಿ ನಿಲ್ಲಲಾರದು ಎಂಬುದು 1842ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಅರ್ನ್‌ಶಾ ಕೊಟ್ಟ ಪ್ರಮೇಯದಿಂದ ಹೊರಡುವ ಮಾತು. ಗ್ರಾಫೈಟ್‌ನ ಕಾಂತತೆ ಹಾಗೆ ಸ್ಥಿರವಾದುದಲ್ಲ. ಎದುರಿನ ಕ್ಷೇತ್ರವೇ ಅದನ್ನು ಹುಟ್ಟಿಸುತ್ತದೆ, ಆ ಕ್ಷೇತ್ರಕ್ಕೆ ವಿರುದ್ಧವಾಗಿ. ಹಾಗಾಗಿ ಅದು ಯಾವಾಗಲೂ ಕ್ಷೇತ್ರ ಕಡಿಮೆಯಿರುವ ಕಡೆಗೇ ಸರಿಯುತ್ತದೆ. ಇಷ್ಟು ಹೇಳಿ, ಬಿಲ್ಲೆಯನ್ನು ಕಡ್ಡಿಯಿಂದ ಪಕ್ಕಕ್ಕೆ ತುಸು ತಳ್ಳಿ ನೋಡಲು ಬಿಡುತ್ತೇನೆ. ಅದು ತೂಗಾಡುತ್ತ ನಡುವಿಗೇ ಮರಳುತ್ತದೆ.