ದಾಖಲೆಗೆ 15 ಔನ್ಸ್ ಕಡಿಮೆ

ಬೆಂಡು ಮುಳುಗಲಿಲ್ಲ, ನೀರಿನ ಮೇಲೆ ಅಡ್ಡ ಮಲಗಿತು. ಶರಾವತಿ ಹಿನ್ನೀರಿನ ದಂಡೆಯಲ್ಲಿ ಗಾಳ ಹಾಕಿ ಬೆಳೆದವನು ನಾನು. ಅಲ್ಲಿ ಬೆಂಡು ಮುಳುಗಿದರೆ ಮೀನು, ಇಲ್ಲದಿದ್ದರೆ ಅಲೆ. ಕ್ರಾಪಿ ಎಂಬ ಸಿಹಿನೀರಿನ ಮೀನು ಹಾಗಲ್ಲ. ಅದು ತನಗಿಂತ ಮೇಲಿರುವ ಎರೆಯನ್ನೇ ಗಮನಿಸುತ್ತದೆ, ಬಾಯಿಗೆ ಹಾಕಿಕೊಂಡು ಇನ್ನಷ್ಟು ಮೇಲೇರುತ್ತದೆ. ಆಗ ಸೀಸದ ಗುಂಡಿನ ಭಾರ ತಪ್ಪಿ ಬೆಂಡು ವಾಲುತ್ತದೆ. ಇದು ತಿಳಿಯುವ ಮೊದಲು ಎಷ್ಟು ಮೀನು ಕೈಬಿಟ್ಟವೋ!

ನಾನಿರುವುದು ಅಮೆರಿಕದ ಮೆಂಫಿಸ್‌ನಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಕಾರಿನಲ್ಲಿ ಹೊರಟರೆ ಬೆಳಗಿನ ಹೊತ್ತಿಗೇ ಮಿಸಿಸಿಪಿ ರಾಜ್ಯದ ಎನಿಡ್ ಸರೋವರ ತಲುಪಬಹುದು. ಪ್ರವಾಹ ತಡೆಯಲು ಯೊಕೊನಾ ನದಿಗೆ ಅಣೆಕಟ್ಟು ಕಟ್ಟಿದ್ದರಿಂದ ಆದ ಸರೋವರವಿದು. ಚಳಿಗಾಲಕ್ಕೆ ಮುಂಚೆ ನೀರು ಇಳಿಸುತ್ತಾರೆ. ವಸಂತದಲ್ಲಿ ಏರಿದ ನೀರು ದಂಡೆಯ ಪೊದೆಗಳಿಗೆ ನುಗ್ಗುತ್ತದೆ, ಮೊಟ್ಟೆಯಿಡಲು ಕ್ರಾಪಿಗಳೂ ಅದರ ಹಿಂದೆಯೇ ಬರುತ್ತವೆ. ಬಿಳಿ ಕ್ರಾಪಿಯ ವಿಶ್ವದಾಖಲೆ ಇಲ್ಲಿಯದೇ. 1957ರ ಜುಲೈ 31ರಂದು ಫ್ರೆಡ್ ಬ್ರೈಟ್ ಹಿಡಿದದ್ದು 5 ಪೌಂಡ್ 3 ಔನ್ಸ್ (16 ಔನ್ಸ್‌ಗೆ ಒಂದು ಪೌಂಡ್), ಅಂದರೆ ಸುಮಾರು 2.35 ಕಿಲೋ. ಸಾಮಾನ್ಯವಾಗಿ ಸಿಗುವ ಕ್ರಾಪಿ ಒಂದು ಪೌಂಡ್ ತೂಗಿದರೆ ಹೆಚ್ಚು.

ಏಪ್ರಿಲ್‌ನ ಆ ಬೆಳಿಗ್ಗೆ ದೋಣಿಯಲ್ಲಿ ನಾನೂ ಹನ್ನೊಂದು ವರ್ಷದ ಮಗಳೂ ಇದ್ದೆವು. ಪೊದೆಗಳ ನಡುವೆ ಗಾಳ ಬೀಸಿ ಎಸೆಯಲು ಜಾಗವಿರುವುದಿಲ್ಲ. ಉದ್ದನೆಯ ಕೋಲು ಚಾಚಿ, ಕೊಂಬೆಗಳ ಸಂದಿನಲ್ಲಿ ಎರೆಯನ್ನು ಮೆಲ್ಲಗೆ ಇಳಿಸಬೇಕು. ನಮ್ಮೂರಿನ ಬಿದಿರು ಕೋಲಿನ ಅಭ್ಯಾಸ ಅಲ್ಲಿ ನನಗೆ ಬಹಳ ಉಪಕಾರ ಮಾಡಿದೆ. ಎರೆಗೆ ಜೀವಂತ ಪುಟ್ಟ ಮೀನು, ಆಳ ಮೂರಡಿ ಮಾತ್ರ. ಎರೆ ಮೀನಿಗಿಂತ ಕೆಳಗೆ ಹೋದರೆ ಕೆಲಸ ಕೆಟ್ಟಂತೆ.

ಬೆಂಡು ವಾಲಿದಾಗ ನಾನು ಸೆಳೆಯಲಿಲ್ಲ. ಕ್ರಾಪಿಯ ತುಟಿಯ ಸುತ್ತಲಿನ ಪೊರೆ ಕಾಗದದಷ್ಟು ತೆಳು. ಜಗ್ಗಿದರೆ ಹರಿದು ಗಾಳ ಬರಿದಾಗುತ್ತದೆ. ಮಣಿಕಟ್ಟನ್ನಷ್ಟೇ ಎತ್ತಿದೆ. ಕೋಲಿನ ತುದಿ ಬಾಗಿ ನೀರು ಮುಟ್ಟಿತು. ಮೀನು ಪೊದೆಯ ಬುಡಕ್ಕೆ ತಿರುಗಿತು. ಅಲ್ಲಿ ದಾರ ಸಿಕ್ಕಿಕೊಂಡರೆ ಮುಗಿಯಿತು, ಬಲವಾಗಿ ತಡೆದರೆ ಬಾಯಿ ಹರಿಯುತ್ತದೆ. ಕೋಲನ್ನು ಅಡ್ಡಕ್ಕೆ ಹಿಡಿದು, ದಾರ ಸಡಿಲವಾಗದಂತೆ ನೋಡಿಕೊಂಡು ಕಾದೆ. ಎಷ್ಟು ಹೊತ್ತೋ ಗೊತ್ತಿಲ್ಲ, ಕೈ ನಡುಗುತ್ತಿತ್ತು. ಕೊನೆಗೆ ಅಗಲವಾದ ಬೆಳ್ಳಿ ಮೈ ಪಕ್ಕಕ್ಕೆ ಹೊರಳಿತು. ಮಗಳು ಬಲೆಯನ್ನು ಮೀನಿನ ಕೆಳಗೆ ತೂರಿಸಿದಳು. ಬಲೆ ಇಲ್ಲದೆ ಇಂಥ ಮೀನನ್ನು ದೋಣಿಗೆ ಎತ್ತಲು ಯಾರೂ ಹೋಗಬಾರದು.

ಬಲೆಯ ಸಮೇತ ತೂಗುಹಾಕಿದೆ. ತಕ್ಕಡಿಯ ಪರದೆಯಲ್ಲಿ 5 ಪೌಂಡ್ 4 ಔನ್ಸ್! ಉಸಿರೇ ನಿಂತಿತು. ಬೆನ್ನಿನ ಮುಳ್ಳುಗಳನ್ನು ಎಣಿಸಿದೆ. ಆರು. ಕಪ್ಪು ಕ್ರಾಪಿಗಾದರೆ ಏಳೋ ಎಂಟೋ ಇರುತ್ತವೆ, ಇದು ಬಿಳಿಯದೇ. ದಾಖಲೆಗೆ ಪ್ರಮಾಣಿತ ತಕ್ಕಡಿ ಬೇಕು, ಸಾಕ್ಷಿಗಳು ಬೇಕು. ಯಾವ ದಂಡೆಗೆ ಹೋಗಲಿ, ಯಾರಿಗೆ ಫೋನ್ ಮಾಡಲಿ ಎಂದು ತಡಬಡಿಸುತ್ತಿದ್ದೆ.

"ಅಪ್ಪಾ, ಬಲೆಯ ತೂಕ ಕಳೆದೆಯಾ?" ಎಂದಳು ಮಗಳು.

ಮೀನನ್ನು ನೀರು ತುಂಬಿದ ತೊಟ್ಟಿಗೆ ಬಿಟ್ಟು ಬರೀ ಬಲೆ ತೂಗಿದೆವು. ಸರಿಯಾಗಿ 1 ಪೌಂಡ್. ಮೀನು 4 ಪೌಂಡ್ 4 ಔನ್ಸ್. ದಾಖಲೆಗೆ 15 ಔನ್ಸ್ ಕಡಿಮೆ.

ಬೇಸರವಾಯಿತು ನಿಜ. ಆದರೆ ಅದರ ಹೊಟ್ಟೆ ಮೊಟ್ಟೆಯಿಂದ ಬಿಗಿದಿತ್ತು, ಕಿವಿರು ಇನ್ನೂ ಸಮವಾಗಿ ಆಡುತ್ತಿತ್ತು. ಒಂದು ಫೋಟೋ ತೆಗೆದು, ಒದ್ದೆ ಕೈಯಲ್ಲಿ ಹಿಡಿದು ನೀರಿಗಿಳಿಸಿದೆ. ಕ್ಷಣಕಾಲ ಅಂಗೈ ಮೇಲೆಯೇ ನಿಂತಿತ್ತು. ಆಮೇಲೆ ಬಾಲ ಬಡಿದು ಅದೇ ಪೊದೆಯ ಕಡೆಗೆ ಹೋಯಿತು.

ಈಗ ಬಲೆಯ ಹಿಡಿಯ ಮೇಲೆ ಮಗಳು ಅಂಟಿಸಿದ ಚೀಟಿಯಿದೆ: "ಬಲೆ, 1 ಪೌಂಡ್."