ಕೆಟ್ಟ ಡೇಟಾಬೇಸನ್ನು ರಿಸ್ಟೋರ್ ಮಾಡುವ ಮುನ್ನ ಲಾಗ್‌ನ ಕೊನೆಯ ಭಾಗವನ್ನು ಉಳಿಸಿಕೊಳ್ಳುವ ಬಗೆ

ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಡೇಟಾಬೇಸೊಂದು 'ಸಸ್ಪೆಕ್ಟ್' (ಹಾಳಾಗಿರಬಹುದೆಂಬ ಶಂಕೆಯ ಸ್ಥಿತಿ) ಎಂದು ತೋರಿದೊಡನೆ ಹಳೆಯ ಬ್ಯಾಕಪ್‌ನಿಂದ ರಿಸ್ಟೋರ್ ಆರಂಭಿಸಬೇಡಿ. ಕೊನೆಯ ಲಾಗ್ (ಬದಲಾವಣೆಗಳ ದಾಖಲೆ) ಬ್ಯಾಕಪ್ ಬೆಳಿಗ್ಗೆ 10ಕ್ಕೆ ಆಗಿದ್ದು ಡೇಟಾ ಡಿಸ್ಕ್ 10.50ಕ್ಕೆ ಕೆಟ್ಟಿದ್ದರೆ, ನಡುವಿನ 50 ನಿಮಿಷಗಳ ವಹಿವಾಟು ಯಾವ ಬ್ಯಾಕಪ್‌ನಲ್ಲೂ ಸಿಗುವುದಿಲ್ಲ. ಅದು ಇರುವುದು ಲಾಗ್ ಫೈಲಿನಲ್ಲಿ ಮಾತ್ರ. ಈ ಭಾಗವನ್ನು ತೆಗೆದಿಡುವುದಕ್ಕೆ 'ಟೇಲ್ ಲಾಗ್ ಬ್ಯಾಕಪ್' ಎನ್ನುತ್ತಾರೆ.

ಡೇಟಾಬೇಸ್ 'ಫುಲ್' ಅಥವಾ 'ಬಲ್ಕ್-ಲಾಗ್ಡ್' ರಿಕವರಿ ಮಾಡೆಲ್‌ನಲ್ಲಿದ್ದರೆ (ಲಾಗನ್ನು ಹೇಗೆ ಇಟ್ಟುಕೊಳ್ಳಬೇಕೆಂಬ ಸೆಟ್ಟಿಂಗ್) ಮಾತ್ರ ಇದು ಸಾಧ್ಯ. 'ಸಿಂಪಲ್' ಮಾಡೆಲ್‌ನಲ್ಲಿ ಲಾಗ್ ಬ್ಯಾಕಪ್ಪೇ ಇಲ್ಲ. 'ಬಲ್ಕ್-ಲಾಗ್ಡ್' ಮಾಡೆಲ್‌ನಲ್ಲೂ, ಕೊನೆಯ ಲಾಗ್ ಬ್ಯಾಕಪ್‌ನ ಬಳಿಕ ಬಲ್ಕ್ ಕೆಲಸ (ಒಮ್ಮೆಗೇ ಭಾರಿ ಪ್ರಮಾಣದ ಡೇಟಾ ತುಂಬುವಂಥದ್ದು) ನಡೆದು ಡೇಟಾ ಫೈಲ್ ಹಾಳಾಗಿದ್ದರೆ, ಈ ಬ್ಯಾಕಪ್ ವಿಫಲವಾಗುತ್ತದೆ.

ಮೊದಲು, ಡೇಟಾಬೇಸನ್ನು ಡಿಟ್ಯಾಚ್ ಮಾಡುವುದಾಗಲಿ (ಸರ್ವರ್‌ನಿಂದ ಬೇರ್ಪಡಿಸುವುದು), ಲಾಗ್ ಫೈಲನ್ನು ಅಳಿಸುವುದಾಗಲಿ, ಡೇಟಾ ಕಳೆದುಕೊಳ್ಳಲು ಒಪ್ಪುವ ರಿಪೇರಿಯನ್ನು ಓಡಿಸುವುದಾಗಲಿ ಬೇಡ. ಡೇಟಾ ಫೈಲ್ ಕೆಟ್ಟಿದ್ದು ಲಾಗ್ ಫೈಲ್ ಸುಸ್ಥಿತಿಯಲ್ಲಿದ್ದರೆ, 'ಬ್ಯಾಕಪ್ ಲಾಗ್' ಆಜ್ಞೆಯನ್ನು 'ನೋ ಟ್ರಂಕೇಟ್' ಆಯ್ಕೆಯೊಂದಿಗೆ (ಎರಡು ಪದಗಳ ನಡುವೆ ಅಡಿಗೆರೆ ಇರಬೇಕು) ಬೇರೊಂದು ಡಿಸ್ಕ್‌ನ ಹೊಸ ಫೈಲಿಗೆ ಓಡಿಸಿ. ಡೇಟಾಬೇಸ್ ಇನ್ನೂ ಆನ್‌ಲೈನ್ ಇದ್ದರೆ 'ನೋರಿಕವರಿ' ಆಯ್ಕೆಯನ್ನು ಬಳಸಿ. ಬ್ಯಾಕಪ್ ಮುಗಿಯುತ್ತಲೇ ಡೇಟಾಬೇಸ್ 'ರಿಸ್ಟೋರಿಂಗ್' ಸ್ಥಿತಿಗೆ ಹೋಗುವುದರಿಂದ ಆಮೇಲೆ ಹೊಸ ವಹಿವಾಟು ನುಸುಳುವ ಭಯವಿಲ್ಲ. ಸಿಕ್ಕ ಫೈಲನ್ನು 'ರಿಸ್ಟೋರ್ ವೆರಿಫೈಓನ್ಲಿ'ಯಿಂದ ಓದಿಸಿ ನೋಡಿ, ಮತ್ತೊಂದು ಪ್ರತಿಯನ್ನು ಬೇರೆ ಯಂತ್ರದಲ್ಲಿ ಇಡಿ.

ಇನ್ನು ರಿಸ್ಟೋರ್: ಮೊದಲು ಫುಲ್ ಬ್ಯಾಕಪ್, ಇದ್ದರೆ ಅದರ ಮೇಲಿನ ಇತ್ತೀಚಿನ ಡಿಫರೆನ್ಷಿಯಲ್ (ಫುಲ್ ಬ್ಯಾಕಪ್‌ನ ಬಳಿಕ ಬದಲಾದದ್ದರ ಬ್ಯಾಕಪ್), ನಂತರ ಒಂದೂ ಬಿಡದಂತೆ ಲಾಗ್ ಬ್ಯಾಕಪ್‌ಗಳು, ಕಡೆಯಲ್ಲಿ ಟೇಲ್ ಲಾಗ್. ಎಲ್ಲವಕ್ಕೂ 'ನೋರಿಕವರಿ' (ಡೇಟಾಬೇಸನ್ನು ಇನ್ನೂ ತೆರೆಯದಿರುವ ಆಯ್ಕೆ) ಕೊಟ್ಟು, ಎಲ್ಲ ಮುಗಿದ ಮೇಲೆ ಪ್ರತ್ಯೇಕವಾಗಿ ಅದನ್ನು ತೆರೆಯುವ 'ವಿತ್ ರಿಕವರಿ' ಆಜ್ಞೆ ಕೊಡುವುದೇ ಒಳ್ಳೆಯದು, ಏಕೆಂದರೆ ನಡುವೆಯೇ ರಿಕವರಿ ಆಗಿಬಿಟ್ಟರೆ ಮುಂದಿನ ಲಾಗ್ ಸೇರುವುದಿಲ್ಲ, ಫುಲ್ ಬ್ಯಾಕಪ್‌ನಿಂದಲೇ ಮತ್ತೆ ಶುರುಮಾಡಬೇಕಾಗುತ್ತದೆ.

ಹಳೆಯ ಡೇಟಾಬೇಸಿನ ಮೇಲೆಯೇ ರಿಸ್ಟೋರ್ ಮಾಡಹೊರಟಾಗ 3159ನೇ ದೋಷ ಕಾಣಿಸಿಕೊಂಡರೆ ಅಲ್ಲಿಯೇ ನಿಲ್ಲಿ. ಲಾಗ್‌ನ ಕೊನೆಯ ಭಾಗ ಬ್ಯಾಕಪ್ ಆಗಿಲ್ಲವೆಂಬುದೇ ಅದರ ಅರ್ಥ. ಅದೇ ಸಂದೇಶ 'ರಿಪ್ಲೇಸ್' (ಹಳೆಯ ಡೇಟಾಬೇಸಿನ ಮೇಲೆಯೇ ಬರೆಯುವ) ಆಯ್ಕೆಯನ್ನೂ ಸೂಚಿಸುತ್ತದೆ. ಗಡಿಬಿಡಿಯಲ್ಲಿ ಅದನ್ನು ಬಳಸಿದರೆ ಬ್ಯಾಕಪ್ ಆಗದ ಲಾಗ್ ಅಳಿದು, ಆ 50 ನಿಮಿಷ ಶಾಶ್ವತವಾಗಿ ಹೋಗುತ್ತದೆ. ಟೇಲ್ ಲಾಗ್ ಕೈಯಲ್ಲಿರುವಾಗ, ಇಲ್ಲವೇ ಲಾಗ್ ಫೈಲೇ ಓದಲಾಗದಷ್ಟು ಕೆಟ್ಟಿದೆಯೆಂದು ಖಚಿತವಾದಾಗ ಮಾತ್ರ 'ರಿಪ್ಲೇಸ್' ಬಳಸಿ.

ಡೇಟಾಬೇಸ್ ತೆರೆದುಕೊಂಡ ಮೇಲೆ, ಬಳಕೆದಾರರನ್ನು ಒಳಬಿಡುವ ಮುನ್ನ, 'ಡಿಬಿಸಿಸಿ ಚೆಕ್‌ಡಿಬಿ' (ಡೇಟಾಬೇಸ್ ಸರಿಯಿದೆಯೇ ಎಂದು ಪರೀಕ್ಷಿಸುವ ಆಜ್ಞೆ) ಓಡಿಸಿ ಹೊಸ ಫುಲ್ ಬ್ಯಾಕಪ್ ತೆಗೆಯಿರಿ.