ಟಿಎಲ್‌ಡಿ ಬ್ಯಾಡ್ಜ್ ಧರಿಸುವುದು ಹೇಗೆ, ಕಾಪಾಡುವುದು ಹೇಗೆ?

ಹಾಸನದ ದೊಡ್ಡ ಆಸ್ಪತ್ರೆಯಾಗಲಿ, ಮೂಡಿಗೆರೆಯ ಸಣ್ಣ ಎಕ್ಸ್‌-ರೇ ಕೇಂದ್ರವಾಗಲಿ, ಯಂತ್ರದ ಬಳಿ ದುಡಿಯುವವರ ಎದೆಯ ಮೇಲೆ ಟಿಎಲ್‌ಡಿ (ಥರ್ಮೋಲ್ಯುಮಿನಿಸೆಂಟ್ ಡೋಸಿಮೀಟರ್, ವಿಕಿರಣ ಅಳೆಯುವ ಸಾಧನ) ಬ್ಯಾಡ್ಜ್ ಇರಲೇಬೇಕು. ಅದು ವಿಕಿರಣವನ್ನು ತಡೆಯುವುದಿಲ್ಲ, ಮೈಗೆ ಎಷ್ಟು ತಗುಲಿತು ಎಂಬ ಲೆಕ್ಕ ಇಡುತ್ತದೆ. ಧರಿಸುವುದರಲ್ಲಿ ಎಡವಿದರೆ ಲೆಕ್ಕವೂ ಕೆಡುತ್ತದೆ.

ಬ್ಯಾಡ್ಜಿನೊಳಗೆ ನಿಕಲ್ ಲೇಪದ ಅಲ್ಯೂಮಿನಿಯಂ ಕಾರ್ಡು, ಅದರಲ್ಲಿ 13.3 ಮಿ.ಮೀ. ಅಗಲ, 0.8 ಮಿ.ಮೀ. ದಪ್ಪದ ಮೂರು ಟೆಫ್ಲಾನ್ ಬಿಲ್ಲೆಗಳಿವೆ. ಬಿಲ್ಲೆಯಲ್ಲಿ ಬೆರೆತಿರುವುದು ಡಿಸ್ಪ್ರೋಸಿಯಂ ಸೇರಿಸಿದ ಕ್ಯಾಲ್ಸಿಯಂ ಸಲ್ಫೇಟ್ ಹರಳಿನ ಪುಡಿ. ವಿಕಿರಣ ಬಿದ್ದಾಗ ಎಲೆಕ್ಟ್ರಾನುಗಳು ಜಾಗ ಬಿಟ್ಟೆದ್ದು ಹರಳಿನ ಕೊರತೆಗಳಲ್ಲಿ ಸಿಕ್ಕಿಬೀಳುತ್ತವೆ, ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತವೆ. ಬಿಸಿ ತಾಗಿದಾಗ ಬಿಡುಗಡೆಯಾಗಿ ಬೆಳಕು ಹೊಮ್ಮಿಸುತ್ತವೆ. ಬೆಳಕು ಹೆಚ್ಚಿದಷ್ಟೂ ಡೋಸ್, ಅಂದರೆ ತಗುಲಿದ ವಿಕಿರಣದ ಪ್ರಮಾಣ, ಹೆಚ್ಚು.

ಮೊದಲು ಕಾರ್ಡನ್ನು ಹೋಲ್ಡರಿಗೆ ಸರಿಯಾಗಿ ಕೂರಿಸಿ. ಒಂದು ಬಿಲ್ಲೆಯ ಮುಂದೆ ತಾಮ್ರ ಮತ್ತು ಅಲ್ಯೂಮಿನಿಯಂ, ಇನ್ನೊಂದರ ಮುಂದೆ ಪ್ಲಾಸ್ಟಿಕ್ ಇರಬೇಕು, ಮೂರನೆಯದು ತೆರೆದ ಕಿಂಡಿಗೆ ಬರಬೇಕು. ಮೂರರ ಅಳತೆಗಳನ್ನು ಹೋಲಿಸಿಯೇ ಬಿದ್ದದ್ದು ಎಕ್ಸ್‌-ರೇಯೋ, ಗಾಮಾ ಕಿರಣವೋ, ಬೀಟಾ ಕಣವೋ ಎಂದು ಗುರುತಿಸುವುದು. ಕಾರ್ಡು ತಿರುವುಮುರುವಾದರೆ ಆ ಹೋಲಿಕೆಯೇ ಸುಳ್ಳು.

ಬ್ಯಾಡ್ಜನ್ನು ಎದೆಯ ಮಟ್ಟದಲ್ಲಿ, ಮುಖ ಹೊರಗಿರುವಂತೆ ಧರಿಸಿ. ಸೀಸದ ಏಪ್ರನ್ ಹಾಕಿದ್ದರೆ ಅದರ ಒಳಗೇ ಇರಲಿ. ಕೆಲಸ ಮುಗಿದ ಮೇಲೆ ಏಪ್ರನ್ ಜೊತೆಗೇ ಎಕ್ಸ್‌-ರೇ ಕೋಣೆಯಲ್ಲಿ ನೇತುಹಾಕಿ ಹೋಗುವವರು ಬಹಳ. ಆಗ ಅದು ಗೋಡೆಗೆ ಬಿದ್ದ ಚದುರು ವಿಕಿರಣವನ್ನು ನಿಮ್ಮ ಹೆಸರಿಗೆ ಬರೆದುಕೊಳ್ಳುತ್ತದೆ. ಒಬ್ಬರ ಬ್ಯಾಡ್ಜ್ ಇನ್ನೊಬ್ಬರು ಹಾಕುವಂತೆಯೇ ಇಲ್ಲ.

ಹೋಲಿಕೆಗೆಂದೇ ಇರುವ ಕಂಟ್ರೋಲ್ ಬ್ಯಾಡ್ಜನ್ನು ಯಾರೂ ಧರಿಸಬಾರದು. ಯಂತ್ರದಿಂದ ದೂರದ, ವಿಕಿರಣವಿಲ್ಲದ ಕೋಣೆಯಲ್ಲಿಡಿ. ನೆಲದಿಂದ, ಆಕಾಶದಿಂದ ಬರುವ ಸಹಜ ವಿಕಿರಣವನ್ನು ಅದರಿಂದ ತಿಳಿದು ಉಳಿದವುಗಳಿಂದ ಕಳೆಯುತ್ತಾರೆ. ಇದು ಎಕ್ಸ್‌-ರೇ ಕೋಣೆಯ ಗೋಡೆಯಲ್ಲಿದ್ದರೆ ಎಲ್ಲರ ಡೋಸೂ ಕಡಿಮೆ ತೋರುತ್ತದೆ. ಹೆಚ್ಚು ತೋರುವ ತಪ್ಪಿಗಿಂತ ಇದು ಕೆಟ್ಟದ್ದು.

ಮಲೆನಾಡಿನ ಮಳೆಗಾಲದಲ್ಲಿ ಒಂದು ಎಚ್ಚರ. ಕಾರ್ಡು ಸುತ್ತಿದ ಕಾಗದ ಒದ್ದೆಯಾದರೆ ಬಿಲ್ಲೆಗೆ ಕೊಳೆ ಅಂಟುತ್ತದೆ, ಓದುವಾಗ ಆ ಕೊಳೆಯೂ ಸುಳ್ಳು ಬೆಳಕು ಕೊಡಬಹುದು. ಒದ್ದೆಯಾಯಿತೆಂದು ಬಿಚ್ಚಿ ಬಿಸಿಲಿಗೆ ಹಿಡಿಯಬೇಡಿ. ಇಲ್ಲಿ ಬಿಸಿಲಿನ ಶಾಖಕ್ಕಿಂತ ಬೆಳಕೇ ಅಪಾಯ, ಅದರ ಅತಿನೇರಳೆ ಕಿರಣ ಹರಳಿನ ಲೆಕ್ಕವನ್ನು ಕಲಕುತ್ತದೆ. ಒದ್ದೆಯಾದದ್ದನ್ನು ಬ್ಯಾಡ್ಜ್ ಓದುವ ಪ್ರಯೋಗಾಲಯಕ್ಕೆ ಹಾಗೆಯೇ ತಿಳಿಸಿ, ಬದಲಿ ಕೇಳಿ.

ಮೂರು ತಿಂಗಳ ಅವಧಿ ಮುಗಿದೊಡನೆ ಕಂಟ್ರೋಲ್ ಸಹಿತ ಎಲ್ಲವನ್ನೂ ಒಟ್ಟಿಗೆ ಪ್ರಯೋಗಾಲಯಕ್ಕೆ ಕಳಿಸಿ. ಅಲ್ಲಿ ಸುಮಾರು 285 ಡಿಗ್ರಿ ಸೆಲ್ಸಿಯಸ್ಸಿನ ಸಾರಜನಕವನ್ನು ಬಿಲ್ಲೆಗೆ ಊದಿ, ಬಂದ ಬೆಳಕನ್ನು ಅಳೆಯುತ್ತಾರೆ. ಗಾಳಿಯ ಬದಲು ಸಾರಜನಕ ಬಳಸುವುದು, ಆಮ್ಲಜನಕದಿಂದ ಹುಟ್ಟುವ ಅನಗತ್ಯ ಬೆಳಕನ್ನು ತಪ್ಪಿಸಲು. ಒಮ್ಮೆ ಓದಿದರೆ ನೆನಪು ಬಹುತೇಕ ಅಳಿಯುತ್ತದೆ. ಉಳಿದದ್ದನ್ನು 230 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ ತೆಗೆಯುತ್ತಾರೆ.

ವರದಿ ಬಂದಾಗ ಫೈಲಿಗೆ ಸೇರಿಸುವ ಮುನ್ನ ಓದಿ. ಮಿತಿ 5 ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಡೋಸಿನ ಅಳತೆಯ ಮಾನ), ಯಾವುದೇ ಒಂದು ವರ್ಷದಲ್ಲಿ 30. ಕೆಲಸ ಬಿಟ್ಟು ಬೆಂಗಳೂರಿಗೆ ಹೋಗುವುದಿದ್ದರೆ ನಿಮ್ಮ ಟಿಎಲ್‌ಡಿ ಸಂಖ್ಯೆಯನ್ನು ಬರೆದುಕೊಂಡು ಹೊಸ ಕೇಂದ್ರಕ್ಕೆ ಕೊಡಿ. ಹೊಸ ಸಂಖ್ಯೆ ಪಡೆದರೆ ಹಾಸನದಲ್ಲಿ ತಗುಲಿದ ಡೋಸು ಮುಂದಿನ ಲೆಕ್ಕಕ್ಕೆ ಸೇರುವುದಿಲ್ಲ.